ರೀಸ್ಟಾರ್ಟ್ ಆದರೂ ಹೋಗದ ಕುತಂತ್ರಾಂಶ: ನನ್ನ ಅನುಭವ

ಮನೆಯ ವಿಂಡೋಸ್ 10 ಕಂಪ್ಯೂಟರಿನಲ್ಲಿ ಆ್ಯಂಟಿವೈರಸ್, ಕುತಂತ್ರಾಂಶದ (ಹಾನಿ ಮಾಡುವ ತಂತ್ರಾಂಶ, ಮಾಲ್‌ವೇರ್) ಕಡತವೊಂದನ್ನು ಹಿಡಿದು ಅಳಿಸುತ್ತಿತ್ತು; ಆದರೆ ರೀಸ್ಟಾರ್ಟ್ ಮಾಡಿ ಲಾಗಿನ್ ಆದ ಕೂಡಲೇ ಅದೇ ಕಡತ ಅದೇ ಫೋಲ್ಡರಿನಲ್ಲಿ ಮತ್ತೆ ಕಾಣಿಸಿಕೊಳ್ಳುತ್ತಿತ್ತು. ಮೂರು ದಿನ ನಾನು ಕಡತವನ್ನೇ ಬೆನ್ನಟ್ಟಿದೆ. ಹುಡುಕಬೇಕಾಗಿದ್ದುದು ಅದನ್ನು ಮರಳಿ ತಂದಿಡುತ್ತಿದ್ದ ಏರ್ಪಾಟನ್ನು.

ಯಂತ್ರ ಆರಿದಾಗ ತಾತ್ಕಾಲಿಕ ಸ್ಮರಣೆಯಾದ ರ‍್ಯಾಮ್‌ನಲ್ಲಿರುವುದು ಅಳಿಸಿಹೋಗುವುದರಿಂದ, ಕುತಂತ್ರಾಂಶವು ಸಾಮಾನ್ಯವಾಗಿ ತನ್ನನ್ನು ಪುನಃ ಎಬ್ಬಿಸುವ ಸೂಚನೆಯನ್ನು ಸ್ಟಾರ್ಟಪ್ ಫೋಲ್ಡರ್, ರಿಜಿಸ್ಟ್ರಿಯ (ವಿಂಡೋಸಿನ ಸೆಟ್ಟಿಂಗ್‌ಗಳ ಕೋಶ) ‘ರನ್’ ಕೀ, ಸರ್ವಿಸ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಅಥವಾ ನಿಗದಿತ ಹೊತ್ತಿಗೆ ಕೆಲಸ ನಡೆಸುವ ಟಾಸ್ಕ್ ಶೆಡ್ಯೂಲರ್‌ನಲ್ಲಿ ಬರೆದಿಡುತ್ತದೆ. ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪಟ್ಟಿಯನ್ನಷ್ಟೇ ನೋಡಿ ಏನೂ ಇಲ್ಲವೆಂದು ನಂಬಿದ್ದು ನನ್ನ ತಪ್ಪು, ಏಕೆಂದರೆ ಶೆಡ್ಯೂಲ್ ಮಾಡಿದ ಕೆಲಸಗಳು ಅಲ್ಲಿ ಕಾಣುವುದಿಲ್ಲ.

ಮೈಕ್ರೋಸಾಫ್ಟಿನ ಸಿಸ್‌ಇಂಟರ್ನಲ್ಸ್ ಎಂಬ ಉಪಕರಣ ವಿಭಾಗ ಉಚಿತವಾಗಿ ಕೊಡುವ, ತಾನಾಗಿ ಶುರುವಾಗುವ ಎಲ್ಲವನ್ನೂ ಪಟ್ಟಿ ಮಾಡುವ ‘ಆಟೋರನ್ಸ್’ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದಾಗ ಗುಟ್ಟು ಬಯಲಾಯಿತು: ‘ಅಪ್‌ಡೇಟ್’ ಎಂಬ ಸಭ್ಯ ಹೆಸರಿನ ಕೆಲಸವೊಂದು ಪ್ರತಿ ಲಾಗಿನ್‌ಗೂ ಆದೇಶಗಳನ್ನು ನಡೆಸುವ ಪವರ್‌ಶೆಲ್ ಮೂಲಕ, ಪ್ರೋಗ್ರಾಂಗಳು ತಮ್ಮ ಮಾಹಿತಿ ಇಡುವ ಆಪ್‌ಡೇಟಾ ಫೋಲ್ಡರಿನೊಳಗಿನ ಸ್ಕ್ರಿಪ್ಟ್ (ಆದೇಶಗಳ ಕಡತ) ಓಡಿಸಿ, ಕಡತವನ್ನು ಅಂತರ್ಜಾಲದಿಂದ ಇಳಿಸಿಕೊಳ್ಳುತ್ತಿತ್ತು. ಪವರ್‌ಶೆಲ್ ವಿಂಡೋಸಿನದೇ ಭಾಗವಾದ್ದರಿಂದ ಇಂಥ ನಮೂದು ಸುಲಭವಾಗಿ ಕಣ್ಣು ತಪ್ಪಿಸುತ್ತದೆ.

ವೈಫೈ ತೆಗೆದು, ಮೊದಲು ಆ ಕೆಲಸವನ್ನೂ ಅನಂತರ ಸ್ಕ್ರಿಪ್ಟ್ ಮತ್ತು ಕಡತವನ್ನೂ ಅಳಿಸಿ, ವಿಂಡೋಸಿನದೇ ಆ್ಯಂಟಿವೈರಸ್ ಆದ ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನ್ (ವಿಂಡೋಸ್ ಶುರುವಾಗುವ ಮೊದಲೇ ನಡೆಯುವ ತಪಾಸಣೆ) ನಡೆಸಿದೆ. ಪಾಸ್‌ವರ್ಡ್‌ಗಳನ್ನು ಬೇರೊಂದು ಸಾಧನದಿಂದ ಬದಲಾಯಿಸಿದೆ. ಆಮೇಲೆ ಹಲವು ಬಾರಿ ರೀಸ್ಟಾರ್ಟ್ ಮಾಡಿದರೂ ಆ ಕಡತ ಮರಳಲಿಲ್ಲ.