ಗುದ್ದು ಹುಟ್ಟುವುದು ಕಾಲಿನಲ್ಲಿ

ಕಾರವಾರದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಕೂತು ಒಂದು ಸಣ್ಣ ವಿಡಿಯೋ ಗೇಮ್ ಮಾಡುತ್ತಿದ್ದೇನೆ. ಆಡುವವರ ಕಣ್ಣಿಗೆ ಕಂಡಷ್ಟೇ ಪರದೆಯಲ್ಲಿ ಕಾಣುವ ಫಸ್ಟ್ ಪರ್ಸನ್ ಆಟ. ಬಂದೂಕು ಇಲ್ಲ, ಬರೀ ಕೈ ಕೈ ಮಿಲಾಯಿಸುವ ಹೊಡೆದಾಟ.

ಶುರುವಿನಲ್ಲಿ ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರಿನಲ್ಲಿ ಎರಡು ಕೈ ಮಾತ್ರ ಮಾಡಿ, ಆಟದೊಳಗೆ ಕಣ್ಣಿನ ಕೆಲಸ ಮಾಡುವ ಕ್ಯಾಮೆರಾಕ್ಕೆ ಅಂಟಿಸಿದ್ದೆ. ದೇಹವೇ ಇಲ್ಲ. ಎಷ್ಟೋ ಆಟಗಳಲ್ಲಿ ಹೀಗೇ ಇರುತ್ತದೆ, ಬಂದೂಕು ಹಿಡಿಯಲು ಅಷ್ಟು ಸಾಕು. ಗುದ್ದಿಗೆ ಸಾಲಲಿಲ್ಲ. ಪರದೆಯ ಕೆಳಗಿನಿಂದ ಮುಷ್ಟಿ ಬರುತ್ತದೆ, ಹೋಗುತ್ತದೆ. ಒಂದು ತಿಂಗಳು ಬೆರಳ ಗಿಣ್ಣು, ಮಣಿಕಟ್ಟು ಅಂತ ತಿದ್ದಿದೆ. ಕೈ ಚಂದವಾಯಿತು, ಗುದ್ದಿಗೆ ತೂಕ ಬರಲಿಲ್ಲ.

ಬಾಕ್ಸಿಂಗ್ ಕಲಿತ ಚಿಕ್ಕಪ್ಪನ ಮಗನನ್ನು ಒಂದು ಬೆಳಿಗ್ಗೆ ಟಾಗೋರ್ ಬೀಚಿಗೆ ಕರೆದುಕೊಂಡು ಹೋದೆ. ಇಳಿತದ ಹೊತ್ತು, ಒದ್ದೆ ಮರಳು ಗಟ್ಟಿಯಾಗಿತ್ತು. ಬದಿಯಿಂದ ಮೊಬೈಲಿನಲ್ಲಿ ವಿಡಿಯೋ ಮಾಡಿದೆ. ಹತ್ತಿಪ್ಪತ್ತು ಸಲ ಗುದ್ದಿದ ಮೇಲೆ ಅವನು, "ಅಣ್ಣಾ, ಕೈ ನೋಡಬೇಡ, ಇಲ್ಲಿ ನೋಡು" ಎಂದು ಕೆಳಗೆ ತೋರಿಸಿದ. ಹಿಂದಿನ ಕಾಲಿನ ಮುಂಗಾಲು ಮರಳಿನಲ್ಲಿ ಕುಳಿ ತೋಡಿತ್ತು. ಹಿಮ್ಮಡಿ ಸವರಿಕೊಂಡು ಹೋದಲ್ಲಿ ಕಮಾನಿನಂಥ ಗೆರೆ. ಮೊದಲು ಕಾಲು ತಿರುಗಿ, ಆಮೇಲೆ ಸೊಂಟ, ಭುಜ, ಕೊನೆಗೆ ಮುಷ್ಟಿ.

ಮನೆಗೆ ಬಂದವನೇ ಆ ಎರಡು ಕೈ ಅಳಿಸಿಬಿಟ್ಟೆ. ಪೂರ್ತಿ ದೇಹಕ್ಕೆ ರಿಗ್, ಅಂದರೆ ಅಲ್ಲಾಡಿಸಲು ಒಳಗೊಂದು ಎಲುಬುಗೂಡು ಮಾಡಿ, ಕಣ್ಣಿನ ಜಾಗದಲ್ಲಿ ಕ್ಯಾಮೆರಾ ಇಟ್ಟೆ. ಈಗ ಬಲಗೈ ಬೀಸಿದರೆ ಬಲಭುಜ ಪರದೆಯ ಅಂಚಿಗೆ ಬರುತ್ತದೆ, ಎಡಗೈ ಗಲ್ಲದ ಹತ್ತಿರ ಕಾವಲಿಗೆ ನಿಲ್ಲುತ್ತದೆ. ಗುದ್ದಿನ ಹಿಂದೆ ಒಬ್ಬ ಮನುಷ್ಯ ಇದ್ದಾನೆ ಅಂತ ಮೊದಲ ಸಲ ಅನ್ನಿಸಿತು.

ಆದರೆ ಹತ್ತು ನಿಮಿಷ ಆಡಿದರೆ ತಲೆ ಸುತ್ತು. ಕ್ಯಾಮೆರಾವನ್ನು ತಲೆಗೆ ಬಿಗಿದದ್ದೇ ತಪ್ಪಾಗಿತ್ತು. ಓಡುವಾಗ ನಮ್ಮ ತಲೆ ಅಲ್ಲಾಡುತ್ತದೆ, ಎದುರಿನ ತೆಂಗಿನಮರ ಕುಣಿಯುವುದಿಲ್ಲ, ಅಲ್ವಾ? ತಲೆ ಅಲ್ಲಾಡಿದ್ದು ಒಳಕಿವಿಗೆ ಗೊತ್ತಾಗುತ್ತದೆ. ತಕ್ಷಣ ಕಣ್ಣುಗುಡ್ಡೆ ಎದುರು ದಿಕ್ಕಿಗೆ ತಿರುಗಿ ನೋಟವನ್ನು ನಿಲ್ಲಿಸುತ್ತದೆ. ಕ್ಯಾಮೆರಾಕ್ಕೆ ಅದು ಬರುವುದಿಲ್ಲ. ತಲೆಯ ಅಲುಗಾಟದಲ್ಲಿ ಐದರಲ್ಲಿ ಒಂದು ಪಾಲು ಮಾತ್ರ ಕ್ಯಾಮೆರಾಕ್ಕೆ ಉಳಿಸಿದೆ. 2008ರ ಮಿರರ್ಸ್ ಎಡ್ಜ್ ಆಟದಲ್ಲಿ ಪರದೆಯ ನಟ್ಟನಡುವೆ ಸಣ್ಣ ಚುಕ್ಕಿ ಇಟ್ಟಿದ್ದರು. ಕಣ್ಣಿಗೆ ಒಂದು ಆಸರೆ ಇದ್ದರೆ ತಲೆ ಸುತ್ತು ಕಡಿಮೆ. ನಾನೂ ಒಂದು ಇಟ್ಟೆ.

ಕೈ ಹಿಂದಕ್ಕೆಳೆದು ಗುದ್ದುವುದನ್ನು ಮೊದಲು 12 ಫ್ರೇಮ್ ತೋರಿಸಿದ್ದೆ. ಪರದೆಯಲ್ಲಿ ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರ ಬರುತ್ತವೆ, ಹಾಗಾಗಿ 12 ಫ್ರೇಮ್ ಅಂದರೆ 200 ಮಿಲಿಸೆಕೆಂಡ್. ನೋಡಲು ನಿಜ, ಬಟನ್ ಒತ್ತಿದವನಿಗೆ ಮಾತ್ರ ಆಟವೇ ತಡವರಿಸಿದ ಹಾಗೆ. 3 ಫ್ರೇಮಿಗೆ ಇಳಿಸಿದೆ. ಉಳಿದ ಸಮಯವನ್ನು ಪೆಟ್ಟು ಬಿದ್ದ ಮೇಲೆ ಕೊಟ್ಟೆ. ಮುಷ್ಟಿ ತಾಗಿದಾಗ 4 ಫ್ರೇಮ್ ಎಲ್ಲವೂ ನಿಲ್ಲುತ್ತದೆ, ಹಿಟ್ ಸ್ಟಾಪ್ ಅನ್ನುತ್ತೇವೆ. ಗುರಿ ತಪ್ಪಿದರೆ ನಿಲ್ಲುವುದಿಲ್ಲ, ಮೈ ಮುಂದಕ್ಕೆ ವಾಲಿ ಸರಿಯಾಗಲು ಜಾಸ್ತಿ ಹೊತ್ತು ಬೇಕು. ಸುಮ್ನೆ ಬಟನ್ ಒತ್ತುತ್ತಿದ್ದವರು ಈಗ ಅಂತರ ನೋಡಿ ಹೊಡೆಯುತ್ತಾರೆ.

ನನಗೆ ಹೆಚ್ಚು ಕಲಿಸಿದ್ದು ಹಿಡಿತ. ಹಳಿಯಾಳದ ಒಬ್ಬ ಗೆಳೆಯ ಚಿಕ್ಕಂದಿನಿಂದ ಕುಸ್ತಿ ಆಡಿದವನು. ಎದುರಾಳಿಯನ್ನು ಹಿಡಿದಾಗ ಏನು ಕಾಣುತ್ತದೆ ಎಂದು ಕೇಳಿದೆ. "ಏನೂ ಕಾಣೂದಿಲ್ರೀ. ಅವನ ಹೆಗಲು, ಕೆಳಗ ಮಣ್ಣು, ಅಷ್ಟ. ಕೈ ಎಲ್ಲಿ ಅದ ಅಂತ ಕೈಗೇ ಗೊತ್ತಿರ್ತದ" ಎಂದ. ನಾನೋ ಹಿಡಿತದಲ್ಲೂ ಎರಡು ಕೈಯನ್ನು ಪರದೆಯ ಮಧ್ಯೆ ತೋರಿಸುತ್ತಿದ್ದೆ! ಎರಡನ್ನೂ ಪರದೆಯಿಂದ ಹೊರಗೆ ಹಾಕಿದೆ. ಕ್ಯಾಮೆರಾವನ್ನು ಎದುರಾಳಿಯ ಹೆಗಲಿಗೆ ತಂದೆ. ಉಸಿರು, ಕಾಲು ಮಣ್ಣಿನಲ್ಲಿ ಎಳೆದ ಸದ್ದು ಸೇರಿಸಿದೆ. ಅವನ ಹೆಗಲು ಎಡಕ್ಕೆ ಇಳಿದರೆ ಎಡಕ್ಕೆ ಎಳೆಯುತ್ತಿದ್ದಾನೆ ಎಂದು ಲೆಕ್ಕ, ಬೇರೆ ಸೂಚನೆ ಇಲ್ಲ.

ಹೋದ ವಾರ ಅದೇ ಗೆಳೆಯನಿಗೆ ಆಡಲು ಕೊಟ್ಟೆ. ಪರದೆಯಲ್ಲಿ ಹೆಗಲು ಎಡಕ್ಕೆ ಇಳಿಯಿತು. ಬಟನ್ ಒತ್ತುವುದಕ್ಕೂ ಮೊದಲೇ ಕುರ್ಚಿಯಲ್ಲಿ ಅವನ ಮೈ ಬಲಕ್ಕೆ ವಾಲಿತ್ತು.