ಹುಳುಕು ಹಲ್ಲು, ಕಡಿಮೆ ದುಡ್ಡು: ಇಂಗ್ಲೆಂಡಿನಲ್ಲಿ ಕೀಳಿಸುವ ಮೊದಲು ತಿಳಿಯಬೇಕಾದದ್ದು

ಇಂಗ್ಲೆಂಡಿಗೆ ಬಂದ ನಮ್ಮವರಲ್ಲಿ ಎಷ್ಟೋ ಜನ ಉಳಿಸಬಹುದಾಗಿದ್ದ ಹಲ್ಲನ್ನು ಕೀಳಿಸಿಕೊಂಡಿದ್ದಾರೆ. ಯಾಕೆ ಅಂತ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: "ರೂಟ್ ಕೆನಾಲ್‌ಗೆ ದುಡ್ಡಿರಲಿಲ್ಲ." ಆದರೆ ಎನ್‌ಎಚ್‌ಎಸ್‌ನಲ್ಲಿ, ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ, ಹಲ್ಲು ಕೀಳಿಸುವುದಕ್ಕೂ ರೂಟ್ ಕೆನಾಲ್ ಮಾಡಿಸುವುದಕ್ಕೂ ದರ ಒಂದೇ. ಇದು ಗೊತ್ತಿಲ್ಲದೆ ಪ್ರತಿ ಸೆಪ್ಟೆಂಬರ್‌ನಲ್ಲಿ ಬರುವ ಹೊಸ ವಿದ್ಯಾರ್ಥಿಗಳು ಅದೇ ಹಳ್ಳಕ್ಕೆ ಬೀಳುತ್ತಾರೆ. ಅದನ್ನು ನೋಡಿ ನೋಡಿ ಬೇಸರವಾಗಿ ಇದನ್ನು ಬರೆಯುತ್ತಿದ್ದೇನೆ.

ಹಲ್ಲು ಯಾಕೆ ಹುಳುಕಾಗುತ್ತದೆ, ರೂಟ್ ಕೆನಾಲ್ ಅಂದರೆ ಏನು, ಇದೆಲ್ಲ ನಿಮಗೆ ಗೊತ್ತು. ನೇರವಾಗಿ ದುಡ್ಡಿನ ವಿಷಯಕ್ಕೆ ಬರುತ್ತೇನೆ.

ಇಂಗ್ಲೆಂಡಿನ ಎನ್‌ಎಚ್‌ಎಸ್ ಡೆಂಟಿಸ್ಟ್‌ಗಳ ಶುಲ್ಕಕ್ಕೆ ಮೂರು ಬ್ಯಾಂಡ್‌ಗಳಿವೆ, ಅಂದರೆ ದರದ ಹಂತಗಳು. 2025ರ ಏಪ್ರಿಲ್‌ನಲ್ಲಿ ಬಂದ ದರಗಳು ಹೀಗಿವೆ. ಬ್ಯಾಂಡ್ 1ಕ್ಕೆ 27.40 ಪೌಂಡ್, ಬ್ಯಾಂಡ್ 2ಕ್ಕೆ 75.30, ಬ್ಯಾಂಡ್ 3ಕ್ಕೆ 326.70. ಸಾಮಾನ್ಯವಾಗಿ ಪ್ರತಿ ಏಪ್ರಿಲ್‌ನಲ್ಲಿ ಸ್ವಲ್ಪ ಏರುತ್ತವೆ, ಹೋಗುವ ಮೊದಲು ಒಮ್ಮೆ ನೋಡಿಕೊಳ್ಳಿ. ತಪಾಸಣೆ, ಎಕ್ಸ್‌ರೇ ಎಲ್ಲ ಬ್ಯಾಂಡ್ 1. ಫಿಲ್ಲಿಂಗ್, ರೂಟ್ ಕೆನಾಲ್, ಕೀಳುವುದು ಈ ಮೂರೂ ಬ್ಯಾಂಡ್ 2. ಕ್ಯಾಪ್, ಬ್ರಿಡ್ಜ್, ಕಟ್ಟಿಸುವ ಹಲ್ಲು ಬ್ಯಾಂಡ್ 3. ಕ್ಯಾಪ್‌ಗೆ ಇಲ್ಲಿ ಕ್ರೌನ್ ಅನ್ನುತ್ತಾರೆ.

ಈ ಬ್ಯಾಂಡ್‌ಗಳನ್ನು ಒಂದಕ್ಕೊಂದು ಕೂಡಿಸುವುದಿಲ್ಲ ಅನ್ನುವುದನ್ನು ನೆನಪಿಡಿ. ಒಂದು ಸುತ್ತಿನ ಚಿಕಿತ್ಸೆಗೆ ಒಂದೇ ಶುಲ್ಕ, ಅದರಲ್ಲಿ ಇರುವ ಅತಿ ದೊಡ್ಡ ಬ್ಯಾಂಡಿನದ್ದು ಮಾತ್ರ. ಎರಡು ಫಿಲ್ಲಿಂಗ್, ಒಂದು ರೂಟ್ ಕೆನಾಲ್, ಇನ್ನೊಂದು ಕಡೆ ಒಂದು ಹಲ್ಲು ಕೀಳುವುದು, ಎಲ್ಲ ಸೇರಿ 75.30 ಅಷ್ಟೇ. ಅದಕ್ಕೆ ಕ್ಯಾಪ್ ಸೇರಿದರೆ ಒಟ್ಟು 326.70. ಊರಲ್ಲಿ ಎಕ್ಸ್‌ರೇಗೆ ಒಂದು ಬಿಲ್, ರೂಟ್ ಕೆನಾಲ್‌ಗೆ ಒಂದು, ಕ್ಯಾಪ್‌ಗೆ ಒಂದು ಕೊಟ್ಟು ರೂಢಿಯಾದ ನಮಗೆ ಇದು ತಲೆಗೆ ಹತ್ತುವುದೇ ಕಷ್ಟ.

ಲೆಸ್ಟರ್‌ನಲ್ಲಿ ಓದುತ್ತಿದ್ದ ಹುಡುಗಿಯೊಬ್ಬಳಿಗೆ ಕೆಳಗಿನ ದವಡೆ ಹಲ್ಲು ನೋವು. ಪ್ರೈವೇಟ್ ಕ್ಲಿನಿಕ್ ಒಂದರಲ್ಲಿ ರೂಟ್ ಕೆನಾಲ್‌ಗೆ 700 ಪೌಂಡ್ ಅಂದರು. ಹೆದರಿದಳು. ಎನ್‌ಎಚ್‌ಎಸ್ ಡೆಂಟಿಸ್ಟ್ ಸಿಕ್ಕ ದಿನ ತಾನೇ ಬಾಯಿ ಬಿಟ್ಟು "ಕಿತ್ತುಬಿಡಿ" ಅಂದಳು. ಅವರು ಕಿತ್ತರು, ಅವಳು ಬ್ಯಾಂಡ್ 2 ಕಟ್ಟಿದಳು. ರೂಟ್ ಕೆನಾಲ್ ಮಾಡಿಸಿದ್ದರೂ ಅಷ್ಟೇ ದುಡ್ಡು ಆಗುತ್ತಿತ್ತು, ಕ್ಯಾಪ್ ಕೂಡ ಹಾಕಿಸಿದ್ದರೆ ಮಾತ್ರ ಬ್ಯಾಂಡ್ 3. ಈಗ ಆ ಜಾಗಕ್ಕೆ ಇಂಪ್ಲಾಂಟ್, ಅಂದರೆ ದವಡೆ ಮೂಳೆಗೆ ಕೂರಿಸುವ ಕೃತಕ ಹಲ್ಲು, ಬೇಕಂತೆ. ಇಂಪ್ಲಾಂಟ್ ಎನ್‌ಎಚ್‌ಎಸ್‌ನಲ್ಲಿ ಸಾಮಾನ್ಯರಿಗೆ ಸಿಗುವುದಿಲ್ಲ. ಪ್ರೈವೇಟ್ ಆದರೆ ಒಂದು ಹಲ್ಲಿಗೆ 2,000 ಪೌಂಡ್ ದಾಟುತ್ತದೆ.

ಡೆಂಟಿಸ್ಟ್ ಯಾಕೆ ಹೇಳಲಿಲ್ಲ ಅಂತ ಕೇಳುತ್ತೀರಿ. ಅವರನ್ನೂ ಪೂರ್ತಿ ಬೈಯುವಂತಿಲ್ಲ. 2006ರಿಂದ ಇಲ್ಲಿನ ಎನ್‌ಎಚ್‌ಎಸ್ ಡೆಂಟಿಸ್ಟ್‌ಗಳಿಗೆ ಯೂನಿಟ್ ಲೆಕ್ಕದಲ್ಲಿ ಹಣ ಬರುತ್ತದೆ. ಒಂದು ಹಲ್ಲು ಕಿತ್ತರೆ ಮೂರು ಯೂನಿಟ್. ದವಡೆ ಹಲ್ಲಿನ ರೂಟ್ ಕೆನಾಲ್‌ಗೂ ಬಹಳ ವರ್ಷ ಅದೇ ಮೂರು ಯೂನಿಟ್ ಇತ್ತು. 2022ರ ನವೆಂಬರ್‌ನಲ್ಲಿ ಅದನ್ನು ಏಳಕ್ಕೆ ಏರಿಸಿದರು. ಆದರೂ ಕೀಳುವ ಕೆಲಸ ಬೇಗ ಮುಗಿಯುತ್ತದೆ, ರೂಟ್ ಕೆನಾಲ್ ಗಂಟೆಗಟ್ಟಲೆ ಹಿಡಿಯುತ್ತದೆ. ಹಾಗಾಗಿ "ಇದು ಕಷ್ಟ, ಪ್ರೈವೇಟ್‌ನಲ್ಲಿ ಮಾಡಿಸಿದರೆ ಒಳ್ಳೆಯದು" ಅನ್ನುವ ಮಾತು ಸುಲಭವಾಗಿ ಬರುತ್ತದೆ. ಇದು ಕೆಟ್ಟ ವ್ಯವಸ್ಥೆ ಅಂತಲೇ ನನ್ನ ಅಭಿಪ್ರಾಯ. ರೋಗಿ ಕಟ್ಟುವ ದುಡ್ಡು ಒಂದೇ ಇಟ್ಟು, ಹಲ್ಲು ಉಳಿಸುವವರಿಗೆ ನಷ್ಟ ಮಾಡಿದರೆ ಹಲ್ಲು ಉಳಿಯುವುದಾದರೂ ಹೇಗೆ?

ಆದ್ದರಿಂದ ಕೇಳಬೇಕಾದವರು ನೀವೇ. ಹಲ್ಲಿನ ಆರೋಗ್ಯಕ್ಕೆ ಅಗತ್ಯ ಇರುವ ಚಿಕಿತ್ಸೆಯನ್ನು ಎನ್‌ಎಚ್‌ಎಸ್‌ನಲ್ಲೇ ಕೊಡಬೇಕು ಅನ್ನುವುದು ನಿಯಮ. "ಈ ಹಲ್ಲು ಉಳಿಯುವ ಸಾಧ್ಯತೆ ಎಷ್ಟು? ರೂಟ್ ಕೆನಾಲ್ ಬೇಕಾದರೆ ಎನ್‌ಎಚ್‌ಎಸ್‌ನಲ್ಲಿ ಮಾಡುತ್ತೀರಾ? ನಿಮ್ಮ ಕೈಲಿ ಆಗದಿದ್ದರೆ ಎಲ್ಲಿಗೆ ಕಳಿಸುತ್ತೀರಿ?" ಅಂತ ಮೆತ್ತಗೆ, ಆದರೆ ಬಿಡದೆ ಕೇಳಿ. ಯಾರೂ ತಪ್ಪು ತಿಳಿಯುವುದಿಲ್ಲ.

ಇನ್ನು ದುಡ್ಡು ಕಳೆಯುವ ಅಸಲಿ ಜಾಗ. ನಾನೂ ಕಳೆದಿದ್ದೇನೆ, ನನ್ನ ನಂತರ ಬಂದವರೂ ಕಳೆಯುತ್ತಿದ್ದಾರೆ. ರೂಟ್ ಕೆನಾಲ್ ಮಾಡಿಸಿ, "ಕ್ಯಾಪ್ ಆಮೇಲೆ ನೋಡೋಣ" ಅಂತ ಬಿಡುವುದು. ಕ್ಯಾಪ್ ಅಂದ ಕೂಡಲೇ 326.70 ಕಣ್ಣಿಗೆ ಕಾಣುತ್ತದೆ, ಸದ್ಯಕ್ಕೆ 75.30 ಕಟ್ಟಿ ನೋವು ಹೋದರೆ ಸಾಕು ಅನ್ನಿಸುತ್ತದೆ. ನೋವು ಹೋಗುತ್ತದೆ ಕೂಡ. ರೂಟ್ ಕೆನಾಲ್ ಆದ ಹಲ್ಲಿಗೆ ಜೀವ ಇರುವುದಿಲ್ಲ, ಆಗಲೇ ಹುಳುಕು ತಿಂದು, ಆಮೇಲೆ ಡ್ರಿಲ್ ಕೊರೆದು ಒಳಗೆಲ್ಲ ಟೊಳ್ಳಾಗಿರುತ್ತದೆ. ಮುಂದಿನ ಹಲ್ಲಾದರೆ ಬರೀ ಫಿಲ್ಲಿಂಗ್‌ನಲ್ಲಿ ವರ್ಷಗಟ್ಟಲೆ ನಿಲ್ಲಬಹುದು. ದವಡೆ ಹಲ್ಲು ಅಗಿಯುವ ಭಾರ ಹೊರಬೇಕು. ಮೇಲೆ ಮುಚ್ಚಳ ಇಲ್ಲದಿದ್ದರೆ ಒಂದು ದಿನ ಏನೋ ಗಟ್ಟಿ ಕಡಿದಾಗ ಸೀಳುತ್ತದೆ. ಸೀಳು ಬೇರಿನವರೆಗೆ ಹೋದರೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ, ಕೀಳಲೇಬೇಕು. ಅಂದರೆ ರೂಟ್ ಕೆನಾಲ್‌ಗೆ ಕೊಟ್ಟ ದುಡ್ಡೂ ಹೋಯಿತು, ಹಲ್ಲೂ ಹೋಯಿತು, ಕೀಳುವುದಕ್ಕೆ ಮತ್ತೆ ಶುಲ್ಕ.

ಸೀಳದಿದ್ದರೂ ಲೆಕ್ಕ ನೋಡಿ. ರೂಟ್ ಕೆನಾಲ್ ಸುತ್ತು ಮುಗಿಯಿತು ಅಂತ ಡೆಂಟಿಸ್ಟ್ ಮುಚ್ಚಿಬಿಟ್ಟ ಮೇಲೆ ನೀವು ಕ್ಯಾಪ್‌ಗೆ ಹೋದರೆ ಅದು ಹೊಸ ಸುತ್ತು. 75.30 ಆಗಲೇ ಕಟ್ಟಿದ್ದೀರಿ, ಈಗ ಪೂರ್ತಿ 326.70. ಒಟ್ಟು 402 ಪೌಂಡ್. ಎರಡನ್ನೂ ಒಂದೇ ಸುತ್ತಿನಲ್ಲಿ ಬರೆಸಿದ್ದರೆ 326.70ಕ್ಕೆ ಮುಗಿಯುತ್ತಿತ್ತು. "ಎರಡು ತಿಂಗಳ ಒಳಗೆ ಹೋದರೆ ಮತ್ತೆ ಶುಲ್ಕ ಇಲ್ವಲ್ಲ" ಅಂತ ಕೆಲವರು ವಾದಿಸುತ್ತಾರೆ. ಆ ಸೌಲಭ್ಯ ಅದೇ ಬ್ಯಾಂಡ್ ಅಥವಾ ಕೆಳಗಿನ ಬ್ಯಾಂಡಿನ ಕೆಲಸಕ್ಕೆ ಮಾತ್ರ. ಬ್ಯಾಂಡ್ 2ರಿಂದ 3ಕ್ಕೆ ಏರಿದರೆ ಅನ್ವಯಿಸುವುದಿಲ್ಲ.

ಹಾಗಾಗಿ ಬಾಯಿ ತೆರೆದು ಕೂರುವ ಮೊದಲೇ ಈ ಪ್ರಶ್ನೆ ಹಾಕಿ: "ರೂಟ್ ಕೆನಾಲ್ ಆದ ಮೇಲೆ ಈ ಹಲ್ಲಿಗೆ ಕ್ಯಾಪ್ ಬೇಕಾಗುತ್ತದಾ? ಬೇಕಾದರೆ ಎರಡನ್ನೂ ಒಂದೇ ಟ್ರೀಟ್‌ಮೆಂಟ್ ಪ್ಲ್ಯಾನ್‌ನಲ್ಲಿ ಹಾಕುತ್ತೀರಾ?" ಬ್ಯಾಂಡ್ 2 ಮತ್ತು 3ರ ಚಿಕಿತ್ಸೆಗೆ ಬರೆದ ಪ್ಲ್ಯಾನ್ ಕೊಡಬೇಕು. ಅದರಲ್ಲಿ ಯಾವುದು ಎನ್‌ಎಚ್‌ಎಸ್, ಯಾವುದು ಪ್ರೈವೇಟ್ ಅಂತ ಬೇರೆ ಬೇರೆ ಇರುತ್ತದೆ. ಓದದೆ ಸಹಿ ಮಾಡಬೇಡಿ. ಕೆಲವು ಡೆಂಟಿಸ್ಟ್‌ಗಳು ಸೋಂಕು ಇಳಿಯಿತಾ ಅಂತ ನೋಡಲು ಕೆಲವು ವಾರ ಕಾಯುತ್ತಾರೆ. ಅದು ಸರಿಯಾದ ಕಾರಣವೇ. ಆಗ "ಅಲ್ಲಿವರೆಗೂ ಇದೇ ಸುತ್ತನ್ನು ತೆರೆದಿಡಬಹುದಾ?" ಅಂತ ಕೇಳಿ. ನಿರ್ಧಾರ ಅವರದ್ದು, ಆದರೆ ಕೇಳದಿದ್ದರೆ ಅವರಾಗಿಯೇ ಹೇಳುವುದಿಲ್ಲ. ದವಡೆ ಹಲ್ಲಿಗೆ ಲೋಹದ ಕ್ಯಾಪ್ ಹಾಕುತ್ತೇವೆ ಅಂದರೆ ಒಪ್ಪಿಕೊಳ್ಳಿ. ಹಿಂದೆ ಯಾರಿಗೂ ಕಾಣುವುದಿಲ್ಲ, ಗಟ್ಟಿ ಬರುತ್ತದೆ. ಬಿಳಿ ಬಣ್ಣಕ್ಕಾಗಿ ಪ್ರೈವೇಟ್‌ಗೆ ಹೋಗುವುದು ದುಡ್ಡು ಕಮ್ಮಿ ಇರುವವರಿಗೆ ಹೇಳಿದ್ದಲ್ಲ.

ಎನ್‌ಎಚ್‌ಎಸ್‌ನಲ್ಲಿ ಮಾಡಿದ ಫಿಲ್ಲಿಂಗ್, ರೂಟ್ ಕೆನಾಲ್, ಕ್ಯಾಪ್ 12 ತಿಂಗಳ ಒಳಗೆ ಕೆಟ್ಟರೆ ಅದೇ ಕ್ಲಿನಿಕ್ ದುಡ್ಡಿಲ್ಲದೆ ಸರಿ ಮಾಡಿಕೊಡಬೇಕು. ಆದರೆ "ಇದು ತಾತ್ಕಾಲಿಕ" ಅಂತ ಅಥವಾ "ಬೇರೆ ಚಿಕಿತ್ಸೆ ಒಳ್ಳೆಯದು" ಅಂತ ಅವರು ಮೊದಲೇ ಹೇಳಿದ್ದರೆ ಇದು ಸಿಗುವುದಿಲ್ಲ. ಕ್ಯಾಪ್ ಬೇಡ ಅಂತ ನೀವೇ ಹೇಳಿ ಬಂದರೆ ಈ ರಕ್ಷಣೆಯೂ ಕೈತಪ್ಪಬಹುದು.

ಹಾಗಂತ ಎಲ್ಲ ಹಲ್ಲನ್ನೂ ಉಳಿಸಬೇಕು ಅಂತ ನಾನು ಹೇಳುತ್ತಿಲ್ಲ. ಕ್ಯಾಪ್ ಕೂರಬೇಕಾದರೆ ವಸಡಿನ ಮೇಲೆ ಸುತ್ತಲೂ ಸುಮಾರು ಎರಡು ಮಿಲಿಮೀಟರ್‌ನಷ್ಟಾದರೂ ಗಟ್ಟಿ ಹಲ್ಲು ಇರಬೇಕು. ಹುಳುಕು ವಸಡಿನ ಕೆಳಗೆ ಆಳಕ್ಕೆ ಇಳಿದಿದ್ದರೆ, ಹಲ್ಲು ತುಂಬಾ ಅಲ್ಲಾಡುತ್ತಿದ್ದರೆ, ಹಲ್ಲಿನ ಬೇರು ಸೀಳಿದ್ದರೆ ಕೀಳಿಸಿ, ಸುಮ್ನೆ ದುಡ್ಡು ಸುರಿಯಬೇಡಿ. ಬುದ್ಧಿ ಹಲ್ಲಿಗೆ ರೂಟ್ ಕೆನಾಲ್ ಮಾಡಿಸುವುದು ಬಹುತೇಕ ಸಲ ವ್ಯರ್ಥ. ತೀರಾ ಹಿಂದಿನ ದವಡೆ ಹಲ್ಲಿಗೆ ಎದುರು ಹಲ್ಲೇ ಇಲ್ಲದಿದ್ದರೆ ಅದು ಅಗಿಯುವ ಕೆಲಸ ಮಾಡುತ್ತಲೇ ಇಲ್ಲ, ಕಿತ್ತು ಜಾಗ ಖಾಲಿ ಬಿಟ್ಟರೂ ಊಟಕ್ಕೆ ತೊಂದರೆ ಇಲ್ಲ. ಮುಂದಿನ ಹಲ್ಲು ಮತ್ತು ಮೊದಲ ದವಡೆ ಹಲ್ಲು, ಇವಕ್ಕೆ ಮಾತ್ರ ಕೈಲಾದಷ್ಟು ಹೋರಾಡಿ.

ತಡೆಯಲಾರದ ನೋವು ಬಂದರೆ ಎನ್‌ಎಚ್‌ಎಸ್ ಸಹಾಯವಾಣಿ 111ಕ್ಕೆ ಫೋನ್ ಮಾಡಿ ತುರ್ತು ಅಪಾಯಿಂಟ್‌ಮೆಂಟ್ ಕೇಳಿ. ಅದಕ್ಕೆ ಬ್ಯಾಂಡ್ 1ರ ದರ, 27.40. ನೋವು ನಿಲ್ಲಿಸಲು ಹಲ್ಲಿನ ನರ ತೆಗೆದು ಔಷಧಿ ತುಂಬುವುದೂ ಅದರಲ್ಲೇ ಬರುತ್ತದೆ, ಹಲ್ಲು ಕೀಳುವುದೂ ಬರುತ್ತದೆ. ನೋವಿನ ಭರದಲ್ಲಿ ಕೀಳಿಸುವ ಬದಲು "ಸದ್ಯಕ್ಕೆ ಔಷಧಿ ತುಂಬಿ, ಉಳಿಸುವ ಬಗ್ಗೆ ಆಮೇಲೆ ನಿರ್ಧರಿಸುತ್ತೇನೆ" ಅನ್ನಬಹುದು. ಆದರೆ ಆ ತಾತ್ಕಾಲಿಕ ತುಂಬುವಿಕೆಯನ್ನು ನಂಬಿ ತಿಂಗಳುಗಟ್ಟಲೆ ಕೂರಬೇಡಿ. ಬರೀ ಆಂಟಿಬಯಾಟಿಕ್ ನುಂಗಿದರೆ ಹುಳುಕು ಹೋಗುವುದಿಲ್ಲ. ಆಸ್ಪಿರಿನ್ ಮಾತ್ರೆಯನ್ನು ವಸಡಿಗೆ ಒತ್ತಿ ಇಡುವವರಿದ್ದಾರೆ, ಅದು ವಸಡನ್ನು ಸುಡುತ್ತದೆ, ದಯವಿಟ್ಟು ಬೇಡ. ಮುಖ ಊದಿ ಕಣ್ಣಿನ ಕಡೆಗೋ ಕುತ್ತಿಗೆ ಕಡೆಗೋ ಹರಡಿದರೆ, ನುಂಗಲು ಉಸಿರಾಡಲು ಕಷ್ಟವಾದರೆ, ಬಾಯಿ ತೆರೆಯಲು ಆಗದಿದ್ದರೆ, ಫೋನ್ ಹಿಡಿದು ಕೂರದೆ ಎ ಅಂಡ್ ಇಗೆ, ಅಂದರೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ, ಹೋಗಿ. ಅಲ್ಲಿ ಹಲ್ಲು ಸರಿ ಮಾಡುವುದಿಲ್ಲ, ಆದರೆ ಜೀವ ಉಳಿಸುತ್ತಾರೆ.

ವೀಸಾ ಜೊತೆ ಹೆಲ್ತ್ ಸರ್ಚಾರ್ಜ್ ಕಟ್ಟಿದ್ದೇವೆ, ಹಲ್ಲೂ ಉಚಿತ ಅಂದುಕೊಂಡು ಬರುವವರು ಬಹಳ. ವರ್ಷಕ್ಕೆ ವಿದ್ಯಾರ್ಥಿಗಳು 776, ಕೆಲಸದವರು 1,035 ಪೌಂಡ್ ಕಟ್ಟಿದರೂ ಹಲ್ಲಿನ ಶುಲ್ಕ ಬೇರೆಯೇ. ಡೆಂಟಿಸ್ಟ್ ಹತ್ತಿರ ತುಂಬುವ ಫಾರ್ಮ್‌ನಲ್ಲಿ "ಉಚಿತ" ಅನ್ನುವ ಜಾಗದಲ್ಲಿ ಗೊತ್ತಿಲ್ಲದೆ ಟಿಕ್ ಹಾಕಿದರೆ ಎಷ್ಟೋ ತಿಂಗಳ ಮೇಲೆ ಪತ್ರ ಬರುತ್ತದೆ. ಮೂಲ ಶುಲ್ಕ ಕಟ್ಟಬೇಕು, ಜೊತೆಗೆ 100 ಪೌಂಡ್‌ವರೆಗೆ ದಂಡ. 28 ದಿನದಲ್ಲಿ ಕಟ್ಟದಿದ್ದರೆ ಇನ್ನೂ 50. ರಿಸೆಪ್ಷನ್‌ನವರು "ಸ್ಟೂಡೆಂಟಾ? ಇಲ್ಲಿ ಟಿಕ್ ಹಾಕಿ" ಅಂದರೂ ಜವಾಬ್ದಾರಿ ನಿಮ್ಮದೇ. 19 ದಾಟಿದ ವಿದ್ಯಾರ್ಥಿಗೆ ವಿದ್ಯಾರ್ಥಿ ಅನ್ನುವ ಕಾರಣಕ್ಕೇ ವಿನಾಯಿತಿ ಇಲ್ಲ.

ನಿಜವಾದ ದಾರಿ ಬೇರೆ ಇದೆ. ಆದಾಯ ಕಡಿಮೆ ಇದ್ದು, ಉಳಿತಾಯ 16,000 ಪೌಂಡ್ ಮೀರದಿದ್ದರೆ ಎಚ್‌ಸಿ1 ಅರ್ಜಿ ಹಾಕಿ. ಗಂಡ ಹೆಂಡತಿ ಆದರೆ ಇಬ್ಬರ ಲೆಕ್ಕವೂ ಸೇರುತ್ತದೆ. ಎಚ್‌ಸಿ2 ಸರ್ಟಿಫಿಕೇಟ್ ಬಂದರೆ ಹಲ್ಲಿನ ಎನ್‌ಎಚ್‌ಎಸ್ ಚಿಕಿತ್ಸೆ ಪೂರ್ತಿ ಉಚಿತ, ಕ್ಯಾಪ್ ಸೇರಿ. ಎಚ್‌ಸಿ3 ಬಂದರೆ ಒಂದಷ್ಟು ಕಡಿಮೆಯಾಗುತ್ತದೆ. ಸರ್ಟಿಫಿಕೇಟ್ ಕೈಗೆ ಬರುವ ಮೊದಲು ಟಿಕ್ ಹಾಕಬೇಡಿ. ನೋವು ಕಾಯುವುದಿಲ್ಲ ಅಂದರೆ ದುಡ್ಡು ಕಟ್ಟಿ ರಸೀದಿ ಇಟ್ಟುಕೊಳ್ಳಿ, ಮೂರು ತಿಂಗಳ ಒಳಗೆ ವಾಪಸ್ ಕೇಳಬಹುದು. ಗರ್ಭಿಣಿಯರಿಗೆ, ಹೆರಿಗೆಯಾಗಿ 12 ತಿಂಗಳು ಆಗದವರಿಗೆ ಶುಲ್ಕವೇ ಇಲ್ಲ. ಬಾಣಂತನದ ಗಡಿಬಿಡಿಯಲ್ಲಿ ಆ ವರ್ಷವನ್ನು ಕಳೆದುಕೊಂಡ ಅಕ್ಕಂದಿರನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಡೆಂಟಿಸ್ಟ್ ಸಿಗುವುದೇ ದೊಡ್ಡ ಪಾಡು, ನಿಜ. 2024ರ ಫೆಬ್ರವರಿಯಲ್ಲಿ ಬ್ರಿಸ್ಟಲ್‌ನ ಸೇಂಟ್ ಪಾಲ್ಸ್‌ನಲ್ಲಿ ಎನ್‌ಎಚ್‌ಎಸ್ ಡೆಂಟಿಸ್ಟ್ ಬಾಗಿಲು ತೆರೆದಾಗ ನೂರಾರು ಜನ ಬೀದಿಯಲ್ಲಿ ಸಾಲು ನಿಂತಿದ್ದರು. ಜಿಪಿಗೆ, ಅಂದರೆ ಇಲ್ಲಿನ ಸಾಮಾನ್ಯ ವೈದ್ಯರಿಗೆ, ಇರುವ ಹಾಗೆ ಇದಕ್ಕೆ ಏರಿಯಾ ಗಡಿ ಇಲ್ಲ. ಪಕ್ಕದ ಊರಿಗೂ ಫೋನ್ ಮಾಡಿ, ರೈಲು ಹತ್ತಿ ಹೋಗಿ. ಬರ್ಮಿಂಗ್‌ಹ್ಯಾಮ್, ಲೀಡ್ಸ್, ಮ್ಯಾಂಚೆಸ್ಟರ್, ಶೆಫೀಲ್ಡ್‌ನಂಥ ಊರುಗಳಲ್ಲಿ ಡೆಂಟಲ್ ಕಾಲೇಜುಗಳಿವೆ. ಅಲ್ಲಿ ವಿದ್ಯಾರ್ಥಿಗಳು ಮೇಷ್ಟ್ರ ಕಣ್ಗಾವಲಿನಲ್ಲಿ ಚಿಕಿತ್ಸೆ ಮಾಡುತ್ತಾರೆ. ಸಾಮಾನ್ಯವಾಗಿ ದುಡ್ಡಿಲ್ಲ, ಆದರೆ ತಾಳ್ಮೆ ಬೇಕು, ನಿಮ್ಮ ಹಲ್ಲು ಅವರ ಪಾಠಕ್ಕೆ ಹೊಂದಬೇಕು.

"ಊರಿಗೆ ಹೋದಾಗ ಮಾಡಿಸ್ತೀನಿ" ಅನ್ನುವವರಿಗೆ ಒಂದು ಮಾತು. ಬೇಗ ಕೆಲಸ ಆಗುವುದರಲ್ಲಿ ನಮ್ಮ ಊರೇ ಮೇಲು, ಅನುಮಾನವೇ ಇಲ್ಲ. ಸಂಜೆ ಹೋದರೆ ಅದೇ ಸಂಜೆ ನೋಡುತ್ತಾರೆ. ಹೇಗೂ ಟಿಕೆಟ್ ಬುಕ್ ಆಗಿದ್ದು, ಮೂರು ವಾರ ಇರುವುದಾದರೆ ಮಾಡಿಸಿ, ಕ್ಯಾಪ್ ಹಾಕಿಸಿಕೊಂಡೇ ವಿಮಾನ ಹತ್ತಿ. ಆದರೆ ಹಲ್ಲಿಗಾಗಿಯೇ ಟಿಕೆಟ್ ತೆಗೆದರೆ ಇಲ್ಲಿನ ಬ್ಯಾಂಡ್ 3ಕ್ಕಿಂತ ಜಾಸ್ತಿ ವಿಮಾನಕ್ಕೇ ಹೋಗುತ್ತದೆ. ಆರು ತಿಂಗಳ ನಂತರದ ಪ್ರಯಾಣಕ್ಕಾಗಿ ಈಗಲೇ ನೋಯುವ ಹಲ್ಲನ್ನು ಕಾಯಿಸಿದರೆ, ಇವತ್ತು ಉಳಿಯುವ ಹಲ್ಲು ಅಷ್ಟರಲ್ಲಿ ಉಳಿಯದೇ ಹೋಗಬಹುದು.

ಇದೆಲ್ಲ ಇಂಗ್ಲೆಂಡಿಗೆ ಮಾತ್ರ. ಸ್ಕಾಟ್ಲೆಂಡಿನಲ್ಲಿ ತಪಾಸಣೆ ಎಲ್ಲರಿಗೂ ಉಚಿತ, 26 ತುಂಬದವರಿಗೆ ಎನ್‌ಎಚ್‌ಎಸ್ ಹಲ್ಲಿನ ಚಿಕಿತ್ಸೆಯೂ ಉಚಿತ. ಉಳಿದವರು ಖರ್ಚಿನ 80 ಶೇಕಡಾ ಕಟ್ಟಬೇಕು, ಒಂದು ಸುತ್ತಿಗೆ ಹೆಚ್ಚೆಂದರೆ 384 ಪೌಂಡ್. ಎಡಿನ್‌ಬರಾ, ಗ್ಲಾಸ್ಗೋದಲ್ಲಿ ಓದುತ್ತಿರುವ ಹುಡುಗ ಹುಡುಗಿಯರು 26ನೇ ಹುಟ್ಟುಹಬ್ಬಕ್ಕೆ ಮುಂಚೆ ಬಾಯಿಯ ಕೆಲಸವನ್ನೆಲ್ಲ ಮುಗಿಸಿಕೊಳ್ಳಿ.