ಎಸ್ಸೆಸ್ಸೆಲ್ಸಿ ಫೇಲು, ಮಲೇಷ್ಯಾ ಪಾಸು

"ಅತ್ತೆ, ನೀನು ಕೋಲಾರ ದಾಟಿದರೆ ನಾಲ್ಕು ಸಲ ಫೋನ್ ಮಾಡ್ತೀಯಾ, ಮಲೇಷ್ಯಾಗೆ ಒಬ್ಬಳೇ ಹೋಗ್ತೀಯಾ?" ಅಂತ ನಕ್ಕಿದ್ದ ನನ್ನ ತಮ್ಮನ ಮಗ. 2024ರ ನವೆಂಬರ್‌ನಲ್ಲಿ ಹೋಗಿ ಬಂದೆ. ಏಳು ದಿನ, ಒಬ್ಬಳೇ. ಈಗ ಅವನೇ ಗೆಳೆಯರ ಅಮ್ಮಂದಿರಿಗೆಲ್ಲ ನನ್ನ ನಂಬರ್ ಹಂಚುತ್ತಿದ್ದಾನೆ. ದಿನಾ ಅದೇ ಕಥೆ ಹೇಳಿ ಗಂಟಲು ಒಣಗಿತು, ಅದಕ್ಕೇ ಬರೆದುಬಿಡೋಣ ಅಂತ ಕೂತೆ. ಪಾಸ್‌ಪೋರ್ಟ್ ಮಾಡಿಸೋದು, ಟಿಕೆಟ್ ಹಾಕಿಸೋದು ನಿಮಗೆಲ್ಲ ಗೊತ್ತಿರುತ್ತೆ. ಅದನ್ನು ಬಿಡುತ್ತೇನೆ.

ನಮ್ಮದು ಶ್ರೀನಿವಾಸಪುರ ರಸ್ತೆಯಲ್ಲಿ ಟೊಮೆಟೊ ನಾರಿನ (ಅಂದರೆ ಸಸಿಯ) ನರ್ಸರಿ. 2023ರ ಜುಲೈನಲ್ಲಿ ಕೋಲಾರ ಮಾರ್ಕೆಟ್‌ನಲ್ಲಿ 15 ಕೆ.ಜಿ. ಬಾಕ್ಸ್ ಎರಡು ಸಾವಿರ ದಾಟಿತ್ತಲ್ಲ, ಆಮೇಲೆ ಎಲ್ಲರಿಗೂ ಟೊಮೆಟೊ ಹುಚ್ಚು. ಶೆಡ್ಡಿನಲ್ಲಿ ಒಂದು ಟ್ರೇ ಉಳಿಯಲಿಲ್ಲ. ಆ ದುಡ್ಡಿನಲ್ಲಿ ಮೊದಲು ಹೊರಟದ್ದು ದುಬೈಗೆ. ಒಬ್ಬ ಏಜೆಂಟ್ ಹನ್ನೆರಡು ಸಾವಿರ ಅಡ್ವಾನ್ಸ್ ಇಸಕೊಂಡ. ಹದಿನೈದು ದಿನ ಬಿಟ್ಟು, "ಮೇಡಂ, ನಿಮ್ಮ ಪಾಸ್‌ಪೋರ್ಟಲ್ಲಿ ಒಂದೇ ಹೆಸರಿದೆ, ಸರ್‌ನೇಮ್ ಖಾಲಿ, ವೀಸಾ ಆಗಲ್ಲ" ಅಂದ. ಒಂಟಿ ಹೆಸರಿನವರಿಗೆ ದುಬೈ ಕಡೆಯವರು 2022ರ ನವೆಂಬರ್‌ನಿಂದಲೇ ತಕರಾರು ತೆಗೆದಿದ್ದರು. ಅಡ್ವಾನ್ಸ್ ಇಸಕೊಳ್ಳುವಾಗ ಅವನಿಗೆ ಗೊತ್ತಿರಲಿಲ್ಲವಾ? ನಮ್ಮ ಕಡೆ ಅಪ್ಪನ ಇನಿಷಿಯಲ್ ಬಿಟ್ಟರೆ ಸರ್‌ನೇಮ್ ಯಾರಿಗಿದೆ ಹೇಳಿ. ಹನ್ನೆರಡು ಸಾವಿರ ಹೋಯಿತು. ಇವತ್ತಿಗೂ ಬಂದಿಲ್ಲ.

ಎರಡನೇ ಗಂಟು ಇ.ಸಿ.ಆರ್., ಅಂದರೆ ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗೋಕೆ ಸರ್ಕಾರದ ಕ್ಲಿಯರೆನ್ಸ್ ಬೇಕು ಅನ್ನುವ ಗುರುತು. ನಾನು ಎಸ್ಸೆಸ್ಸೆಲ್ಸಿ ಫೇಲು, ಗಣಿತದಲ್ಲಿ. ಹತ್ತು ಪಾಸಾಗದವರ ಪಾಸ್‌ಪೋರ್ಟಿಗೆ ಇ.ಸಿ.ಆರ್. ಅಂತ ಬೀಳುತ್ತೆ. ಇನ್‌ಕಮ್ ಟ್ಯಾಕ್ಸ್ ಕಟ್ಟುವವರಾದರೆ ತಪ್ಪಿಸಿಕೊಳ್ಳಬಹುದು. ಆದರೆ ನಾರಿನ ನರ್ಸರಿ ಆದಾಯ ಕೃಷಿ ಆದಾಯ ಅಂತಲೇ ಲೆಕ್ಕ, ನಾನು ಟ್ಯಾಕ್ಸ್ ಕಟ್ಟೋದೇ ಇಲ್ಲ. ವಯಸ್ಸು 50 ದಾಟಿದ್ದರೂ ಆಗುತ್ತಿತ್ತು. ನನಗಾಗ 47. ಮೂರು ವರ್ಷ ಕಾಯೋರು ಯಾರು? ಇ.ಸಿ.ಆರ್. ಪಟ್ಟಿಯ 18 ದೇಶಗಳಲ್ಲಿ ಮಲೇಷ್ಯಾನೂ ಇದೆ. ಕೆಲಸಕ್ಕೆ ಹೋಗುವವರಿಗೆ ಮಾತ್ರ ಆ ಕ್ಲಿಯರೆನ್ಸ್, ಸುಮ್ನೆ ನೋಡಿಕೊಂಡು ಬರುವವರಿಗೆ ಬೇಡ. ಇದನ್ನು ನಮ್ಮೂರಿನಲ್ಲಿ ಎಷ್ಟು ಜನಕ್ಕೆ ಹೇಳಿದರೂ ನಂಬಲಿಲ್ಲ. "ಏರ್‌ಪೋರ್ಟಿಂದಲೇ ವಾಪಸ್ ಕಳಿಸ್ತಾರೆ ನೋಡ್ತಿರು" ಅಂದರು.

ಒಬ್ಬಳೇ ಹೋಗೋಕೆ ಹೇಗೆ ತಯಾರಾದೆ ಅಂದರೆ, ನಾರು ಹದ ಮಾಡಿದ ಹಾಗೆ. ನೆರಳು ಪರದೆ ಕೆಳಗೆ ಬೆಳೆದ ನಾರನ್ನು ನೇರ ಹೊಲಕ್ಕೆ ನೆಟ್ಟರೆ ಮೂರೇ ದಿನಕ್ಕೆ ಕತ್ತು ಬಾಗುತ್ತೆ. ಕೊನೆಯ ನಾಲ್ಕೈದು ದಿನ ನೀರು ಕಡಿಮೆ ಮಾಡಿ ಬಿಸಿಲಿಗೆ ಬಿಡಬೇಕು. ನನ್ನನ್ನೂ ಹಾಗೇ ಬಿಟ್ಟುಕೊಂಡೆ. ಮೊದಲು ಬೆಂಗಳೂರಿನಲ್ಲಿ ಒಂದು ಪೂರ್ತಿ ದಿನ: ಫೋನ್ ಆಫ್, ಕೈಯಲ್ಲಿ ಬರೀ ನೋಟು, ಚೀಟಿಯಲ್ಲಿ ಮೂರು ವಿಳಾಸ. ಎರಡು ಸಿಕ್ಕಿತು. ಆಮೇಲೆ ಒಬ್ಬಳೇ ಚೆನ್ನೈಗೆ ವಿಮಾನದಲ್ಲಿ, ಎರಡು ರಾತ್ರಿ. ಅಲ್ಲೊಂದು ಲಾಡ್ಜಿನವನು ಒಂಟಿ ಹೆಂಗಸಿಗೆ ರೂಮ್ ಇಲ್ಲ ಅಂತ ರಾತ್ರಿ ಒಂಬತ್ತಕ್ಕೆ ಬಾಗಿಲಲ್ಲೇ ನಿಲ್ಲಿಸಿದ. ಅಳು ಬಂತು. ಅತ್ತುಬಿಟ್ಟೆ, ಆಮೇಲೆ ಎದುರು ಬೀದಿಯಲ್ಲಿ ಬೇರೆ ಹುಡುಕಿದೆ. ವಾಪಸ್ ಬರುವಾಗ ರೈಲಿನಲ್ಲಿ ಬಂಗಾರಪೇಟೆಗೆ ಬಂದಿಳಿದೆ. ಎಲ್ಲ ಸೇರಿ ಆರು ಸಾವಿರ ಆಗಿರಬೇಕು. ಆ ಆರು ಸಾವಿರ ದಂಡ ಅಂದರು ಮನೆಯಲ್ಲಿ. ನನ್ನ ಲೆಕ್ಕದಲ್ಲಿ ಇಡೀ ಪ್ರಯಾಣದಲ್ಲಿ ಸರಿಯಾಗಿ ಖರ್ಚಾದ ದುಡ್ಡು ಅದೊಂದೇ.

30 ದಿನದೊಳಗೆ ಇದ್ದು ಬರುವ ಭಾರತದವರಿಗೆ ಮಲೇಷ್ಯಾ 2023ರ ಡಿಸೆಂಬರ್ 1ರಿಂದ ವೀಸಾ ತೆಗೆದುಹಾಕಿತ್ತು. ಹೋಗುವ ಮುಂಚಿನ ಮೂರು ದಿನದೊಳಗೆ ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು ಅಷ್ಟೇ. ಅದು ಪುಕ್ಕಟೆ. ನಾನು ಮಾತ್ರ ಒಂದು ಸೈಬರ್ ಅಂಗಡಿಯಲ್ಲಿ ಸಾವಿರದ ಎಂಟುನೂರು ಕೊಟ್ಟೆ! ಯಾವುದೋ ನಕಲಿ ಸೈಟು, ನೋಡೋಕೆ ಥೇಟ್ ಸರ್ಕಾರದ್ದೇ. ವಿಳಾಸದ ಕೊನೆಯಲ್ಲಿ ಏನಿದೆ ನೋಡಿಕೊಳ್ಳಿ. ಟಿಕೆಟ್‌ನಲ್ಲಿ ಸರ್‌ನೇಮ್ ಜಾಗಕ್ಕೂ ಅದೇ ಹೆಸರು ಎರಡು ಸಲ ಹಾಕಿಸಿದೆ. ನಿಮ್ಮ ಏರ್‌ಲೈನಿನವರು ಏನು ಹೇಳ್ತಾರೆ ಕೇಳಿಯೇ ಹಾಕಿ.

ಬ್ಯಾಗನ್ನು ಗೊಬ್ಬರ ತೂಗುವ ಮೆಷಿನ್ ಮೇಲೆ ಇಟ್ಟು 7 ಕೆ.ಜಿ.ಗೆ ತಂದೆ. ಅದರಲ್ಲಿ ಒಂದು ಕೆ.ಜಿ. ರಾಗಿ ಹುರಿಹಿಟ್ಟು. ತಮ್ಮನ ಮಗ ಟ್ರೇ ಸಾಗಿಸುವ ಟಾಟಾ ಏಸ್‌ನಲ್ಲೇ ವೇಮಗಲ್, ಎಚ್. ಕ್ರಾಸ್, ವಿಜಯಪುರ, ದೇವನಹಳ್ಳಿ ಮೇಲೆ ಏರ್‌ಪೋರ್ಟ್ ಟರ್ಮಿನಲ್ 2ಕ್ಕೆ ಬಿಟ್ಟ. ಅಲ್ಲಿ ಕಾರುಗಳ ಸಾಲಿನಲ್ಲಿ ನಮ್ಮದು ಒಂದೇ ಏಸು.

ಇಮಿಗ್ರೇಷನ್‌ನಲ್ಲಿ ಅಂದುಕೊಂಡ ಹಾಗೇ ಆಯಿತು. ಪಾಸ್‌ಪೋರ್ಟ್ ತಿರುವಿ ನೋಡಿ ಪಕ್ಕದ ಟೇಬಲ್‌ಗೆ ಕಳಿಸಿದರು.

"ಎಷ್ಟು ಓದಿದ್ದೀರಾ ಅಮ್ಮ?"

"ಎಸ್ಸೆಸ್ಸೆಲ್ಸಿ ಫೇಲ್ ಸರ್."

"ಅಲ್ಲಿ ಯಾರಿದ್ದಾರೆ? ಯಾರು ಕರೆಸಿಕೊಳ್ತಿದ್ದಾರೆ? ಮನೆ ಕೆಲಸನಾ?"

ಅವರು ಕೇಳೋದು ನ್ಯಾಯವೇ. ಟೂರಿಸ್ಟ್ ಅಂತ ಕರೆದುಕೊಂಡು ಹೋಗಿ ಕೆಲಸಕ್ಕೆ ಹಾಕಿ ಮೋಸ ಮಾಡುವವರು ಎಷ್ಟು ಜನ ಇಲ್ಲ. ನಾನು ಪ್ಲಾಸ್ಟಿಕ್ ಫೈಲ್ ತೆರೆದೆ. ವಾಪಸ್ ಟಿಕೆಟ್, ಎರಡು ಊರಿನ ರೂಮ್ ಬುಕಿಂಗ್, ರಿಂಗಿಟ್ (ಅಲ್ಲಿಯ ದುಡ್ಡು) ಬದಲಾಯಿಸಿದ ರಸೀತಿ, ಪಹಣಿ, ಶೆಡ್ಡಿನ ಫೋಟೋ. ಪಹಣಿ ನೋಡಿ ಅವರ ಮುಖ ಸ್ವಲ್ಪ ಸಡಿಲವಾಯಿತು. ಇನ್ನೊಂದು ಕಾಗದ ಇತ್ತು, ಕೆಲಸ ಮುಗಿಸಿದ್ದು ಅದೇ. ಅದೇನು ಅಂತ ಇಲ್ಲಿ ಹೇಳಲ್ಲ, ನರ್ಸರಿಗೆ ಬಂದು ಕೇಳಿ. ನಲವತ್ತು ನಿಮಿಷ ಆಯಿತು. ಸ್ಟಾಂಪ್ ಬಿತ್ತು.

ಕೌಲಾಲಂಪುರ ಏರ್‌ಪೋರ್ಟಿಂದ ಸಿಟಿಗೆ ಆಗ ರೈಲಾದರೆ 55 ರಿಂಗಿಟ್, ಬಸ್ಸಾದರೆ 15. ಆಗ ರಿಂಗಿಟ್‌ಗೆ ಸುಮಾರು 19 ರೂಪಾಯಿ. ಬಸ್ ಹತ್ತಿದೆ. ರೂಮ್ ಮಾಡಿದ್ದು ಕೆ.ಎಲ್. ಸೆಂಟ್ರಲ್ ರೈಲು ನಿಲ್ದಾಣದ ಪಕ್ಕ, ತಮಿಳರು ಹೆಚ್ಚಿರುವ ಬ್ರಿಕ್‌ಫೀಲ್ಡ್ಸ್‌ನಲ್ಲಿ. ಇಂಗ್ಲಿಷ್ ಬರಲ್ಲ ಅಂತ ಹೆದರಿಸಿದ್ದರಲ್ಲ, ಅಲ್ಲಿ ನನಗೆ ಇಂಗ್ಲಿಷೇ ಬೇಕಾಗಲಿಲ್ಲ. ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ನಾರು ಮಾರಿ ಕಲಿತ ತಮಿಳು ಸಾಕಾಯಿತು. ಕೋಲಾರದವರಿಗೆ ಹುಟ್ಟುತ್ತಲೇ ಮೂರು ಭಾಷೆ, ಅದು ಇಷ್ಟು ದೂರಕ್ಕೆ ಬರುತ್ತೆ ಅಂತ ಮಾತ್ರ ಗೊತ್ತಿರಲಿಲ್ಲ.

ಎಡವಿದ್ದು ಎಟಿಎಂನಲ್ಲಿ. ಕಾರ್ಡ್ ನಡೆಯಲಿಲ್ಲ. ಹೊರದೇಶದ ಬಳಕೆ ಅಂತ ಆ್ಯಪ್‌ನಲ್ಲಿ ಒಂದು ಬಟನ್ ಇದೆ, ಅದನ್ನು ಆನ್ ಮಾಡೋಕೆ ಓಟಿಪಿ ಬೇಕು, ಓಟಿಪಿ ಬರೋಕೆ ನಮ್ಮ ಸಿಮ್‌ಗೆ ರೋಮಿಂಗ್ ಬೇಕು. ಅದು ಹಾಕಿಸಿರಲಿಲ್ಲ. ಸಿಟ್ಟು ಬಂದು ಕಾರ್ಡನ್ನು ಬ್ಯಾಗಿನ ತಳಕ್ಕೆ ತಳ್ಳಿದೆ. ಉಳಿದ ದಿನ ನೋಟಿನಲ್ಲೇ ಕಳೆದೆ. ಬೆಳಗ್ಗೆ ಹುರಿಹಿಟ್ಟು, ಮಧ್ಯಾಹ್ನ ಎಲೆ ಊಟ, ರಾತ್ರಿ ಪರೋಟದಂಥ ರೊಟಿ ಚನಾಯ್. ಚಾರ್ಜರಿನ ಪಿನ್ನೂ ಕೂರಲಿಲ್ಲ. ಅಲ್ಲಿಯ ಪ್ಲಗ್ಗಿಗೆ ಮೂರು ಚೌಕ ತೂತು. ಟಿವಿ ಹಿಂದಿನ ಯುಎಸ್‌ಬಿಗೆ ಹಾಕಿ ರಾತ್ರಿಯೆಲ್ಲ ಚಾರ್ಜ್ ಮಾಡಿದೆ.

ಬಾಟು ಕೇವ್ಸ್‌ಗೆ (ಮುರುಗನ ಗುಹೆ ಗುಡಿ, ತಮಿಳರಿಗೆ ಪತ್ತುಮಲೈ) ಲೋಕಲ್ ರೈಲು ಆಗ ಮೂರು ರಿಂಗಿಟ್ ಒಳಗೆ. 272 ಮೆಟ್ಟಿಲು. ಮಂಡಿ ನೋವಿದ್ದರೂ ಹತ್ತಿದೆ.

ನನ್ನ ಜೀವ ಇದ್ದದ್ದು ತರಕಾರಿ ಬೆಳೆಯುವ ಗುಡ್ಡದ ಸೀಮೆ ಕ್ಯಾಮರೂನ್ ಹೈಲ್ಯಾಂಡ್ಸ್ ಮೇಲೆ. ಬಸ್ಸಿನಲ್ಲಿ ಐದು ಗಂಟೆ ಹತ್ತಿರ, ಕೊನೆಯ ಘಾಟಿಯಲ್ಲಿ ಎರಡು ಸಲ ವಾಂತಿ. ತಾನಾ ರಾಟಾದಲ್ಲಿ ಇಳಿದರೆ ಚಳಿ, ಮಳೆ, ಎಲ್ಲಿ ನೋಡಿದರೂ ಗುಡ್ಡಕ್ಕೆ ಪ್ಲಾಸ್ಟಿಕ್ ಹೊದಿಸಿದ್ದಾರೆ. ರೂಮಿನ ಒಡತಿ ಮಲಯ್ ಹೆಂಗಸು. ಪಾಸ್‌ಪೋರ್ಟ್ ನೋಡುತ್ತಾ "ಸುವಾಮಿ?" ಅಂದಳು. ಸ್ವಾಮಿ ದರ್ಶನ ಆಯ್ತಾ ಅಂತ ಕೇಳ್ತಿದ್ದಾಳೆ ಅಂದುಕೊಂಡೆ. ಆಯ್ತು, ಪತ್ತುಮಲೈಯಲ್ಲಿ ನಿಂತಿದ್ದಾನೆ, ಇಷ್ಟೆತ್ತರ, ಮೈಯೆಲ್ಲ ಚಿನ್ನ ಅಂತ ಕೈ ಎತ್ತಿ ತೋರಿಸಿದೆ. ಅವಳು ಬಿಟ್ಟ ಬಾಯಿ ಮುಚ್ಚಲಿಲ್ಲ. ಸುವಾಮಿ ಅಂದರೆ ಅವರಲ್ಲಿ ಗಂಡ ಅಂತ ಸಂಜೆ ಟೀ ಅಂಗಡಿಯ ತಮಿಳು ಹುಡುಗ ಹೇಳಿದ. ನಮ್ಮ ಯಜಮಾನರು ಆ ಹೊತ್ತಿಗೆ ಮನೆಯಲ್ಲಿ ಟ್ರೇಗಳಿಗೆ ನೀರು ಹೊಡೆಯುತ್ತಿದ್ದರು.

ಅದೇ ಹುಡುಗ ತನ್ನ ಮಾವನ ತೋಟಕ್ಕೆ ಕರೆದುಕೊಂಡು ಹೋದ. ತೆಂಗಿನ ನಾರಿನ ಪುಡಿ ತುಂಬಿದ ಚೀಲದಲ್ಲಿ ಟೊಮೆಟೊ, ಗಿಡಕ್ಕೊಂದು ದಾರ, ಕಾಂಡ ಹಿಡಿಯೋಕೆ ಪ್ಲಾಸ್ಟಿಕ್ ಕ್ಲಿಪ್ಪು. ಬೀಜ ಕೇಳೋಕೆ ನಾಲಿಗೆ ತುರಿಸಿತು. ಆದರೆ ಪರ್ಮಿಟ್ ಇಲ್ಲದೆ ಬೀಜ, ಗಿಡ ದೇಶದೊಳಗೆ ತರುವ ಹಾಗಿಲ್ಲ, ನನ್ನ ಕಸುಬಿನವರಿಗೆ ಅದು ಚೆನ್ನಾಗಿ ಗೊತ್ತು. ಕ್ಲಿಪ್ ಎರಡು ಪ್ಯಾಕೆಟ್ ತಂದೆ. ಇಲ್ಲಿ ಹಿತ್ತಲಿನ ಇಪ್ಪತ್ತು ಗಿಡಕ್ಕೆ ಹಾಕಿ ನೋಡಿದೆ. ನಮ್ಮ ಬಯಲಿನ ಗಾಳಿಗೆ ನಿಲ್ಲಲಿಲ್ಲ, ವಾರದಲ್ಲಿ ಅರ್ಧ ಉದುರಿತು. ಮತ್ತೆ ಕೋಲು, ದಾರ.

ಲೆಕ್ಕ: ವಿಮಾನ ಹೋಗಿ ಬರೋಕೆ ಹದಿನೈದು ಸಾವಿರ ಚಿಲ್ಲರೆ, ರೂಮು ಹತ್ತು, ಊಟ, ಬಸ್ಸು, ಸಿಮ್ಮು, ಸಣ್ಣಪುಟ್ಟದ್ದು ಎಂಟೊಂಬತ್ತು. ಮೂವತ್ತೈದರ ಒಳಗೆ ಮುಗೀತು. ಪ್ಯಾಕೇಜಿನವರು ಅರವತ್ತೈದು ಹೇಳಿದ್ದರು, ಅದರ ಮೇಲೆ ಆಗ 5 ಪರ್ಸೆಂಟ್ ಟಿಸಿಎಸ್ (ದುಡ್ಡು ಕಟ್ಟುವಾಗಲೇ ವಸೂಲಿ ಮಾಡುವ ತೆರಿಗೆ) ಬೇರೆ. ದುಬೈನ ಹನ್ನೆರಡು, ಸೈಬರಿನ ಸಾವಿರದ ಎಂಟುನೂರು, ಚೆನ್ನೈನ ಆರು ಸೇರಿಸಿದರೆ ಐವತ್ತೈದರ ಹತ್ತಿರ ಹೋಗುತ್ತೆ ಅಂತ ಯಜಮಾನರು ನೆನಪಿಸುತ್ತಾರೆ. ಅವರು ಎಸ್ಸೆಸ್ಸೆಲ್ಸಿ ಪಾಸು, ಗಣಿತ ಚೆನ್ನಾಗಿ ಬರುತ್ತೆ.

ಮುಂದಿನದು ವಿಯೆಟ್ನಾಂನ ದಲಾತ್. ಅದೂ ಗುಡ್ಡದ ಊರು, ಹೂವು, ತರಕಾರಿ ಬೆಳೆಯುವ ಜಾಗ. ಅಲ್ಲಿ ತಮಿಳು ನಡೆಯಲ್ಲ. ತಮ್ಮನ ಮಗ ತಾನೂ ಬರ್ತೀನಿ ಅಂತಾನೆ. ಮೊದಲು ಫೋನ್ ಆಫ್ ಮಾಡಿ ಬೆಂಗಳೂರಿಗೆ ಹೋಗಿ ಬಾ ಅಂದಿದ್ದೇನೆ. ಇನ್ನೂ ಹೊರಟಿಲ್ಲ.